ಎರಡು ಡಿಸ್ಕ್‌ಗಳ ನಡುವಿನ ದೂರ

ಜೂನ್ 2, ಸೋಮವಾರ

ಮಧ್ಯಾಹ್ನ ಲ್ಯಾಬಿನ ಫೋನ್ ಬಡಿಯಿತು. ಸರ್ಜರಿ ವಾರ್ಡಿನಿಂದ.

"ಮುನೀರಾ ಇದ್ದಾರಾ?"

"ನಾನು ಆನಿ. ಎಂತ ಬೇಕಿತ್ತು, ಹೇಳಿ."

"ಪರವಾಗಿಲ್ಲ ಮೇಡಂ, ಅವರು ಊಟ ಮುಗಿಸಿ ಬರಲಿ. ಮತ್ತೆ ಮಾಡ್ತೇನೆ."

ಇಪ್ಪತ್ತೆರಡು ವರ್ಷಗಳಿಂದ ಈ ಆಸ್ಪತ್ರೆಯಲ್ಲಿ ಕೀವು, ರಕ್ತ, ಮೂತ್ರದಿಂದ ರೋಗಾಣು ಬೆಳೆಸಿ, ಯಾವ ಔಷಧಕ್ಕೆ ಅದು ಸಾಯುತ್ತದೆ ಎಂದು ಹೇಳುತ್ತಾ ಬಂದವಳು ನಾನು. ಅವರು ಕೇಳಿದ ಆ ಹುಡುಗಿ ಬಂದು ಎರಡು ತಿಂಗಳು ಹದಿಮೂರು ದಿನ. ಕಾಪುವಿನವಳು, ಮಣಿಪಾಲದಲ್ಲಿ ಎಂ.ಎಸ್ಸಿ. ಮಾಡಿದ್ದಾಳೆ, ಇಪ್ಪತ್ತಾರು ವರ್ಷ. ಮೊದಲ ದಿನವೇ ನನ್ನನ್ನು ಆಂಟಿ ಎಂದಳು. ಇಡೀ ಆಸ್ಪತ್ರೆ ನನ್ನನ್ನು ಮೇಡಂ ಎನ್ನುತ್ತದೆ, ಇವಳಿಗೆ ಆಂಟಿ.

ಕಾರ್ಕಳದ ಬಸ್ಸಿನಲ್ಲಿ ಹಿರಿಯಡ್ಕದವರೆಗೂ ನಿಂತೇ ಬಂದೆ. ಕಾಲು ನೋಯುತ್ತಿದೆ. ಇವತ್ತಿಗೆ ಇಷ್ಟು ಸಾಕು.

ಜೂನ್ 9, ಸೋಮವಾರ

ಇದನ್ನು ಬರೆದಿಡಲೇಬೇಕು.

ಬೆಳಿಗ್ಗೆ ಡಾ. ರೇಚಲ್ ನಮ್ಮನ್ನು ತಮ್ಮ ಕೋಣೆಗೆ ಕರೆದರು. ಲ್ಯಾಬಿನ ಮುಖ್ಯಸ್ಥೆ ಅವರು. ಆ ಹುಡುಗಿ ಒಂದು ಕಾಗದ ಹಿಡಿದು ನಿಂತಿದ್ದಳು. ಗಾಯದಲ್ಲಿ ಕೀವು ಮಾಡುವ ಸ್ಟ್ಯಾಫ್ ರೋಗಾಣು ಬೆಳೆದ ಪ್ರತಿಯೊಂದು ಪ್ಲೇಟಿನಲ್ಲೂ ಔಷಧ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳಾದ ಎರಿತ್ರೋಮೈಸಿನ್ ಡಿಸ್ಕನ್ನೂ ಕ್ಲಿಂಡಾಮೈಸಿನ್ ಡಿಸ್ಕನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು, ಆಗ ಅಡಗಿರುವ ಪ್ರತಿರೋಧ ಗೊತ್ತಾಗುತ್ತದೆ ಎಂದು ಅವಳ ಸಲಹೆ.

"ಎಂಥ ಒಳ್ಳೆಯ ಯೋಚನೆ! ನಾಳೆಯಿಂದಲೇ ಶುರು ಮಾಡುವ" ಎಂದರು ಡಾಕ್ಟರ್.

ಇದೇ ಮಾತನ್ನು ಐದು ವರ್ಷದ ಹಿಂದೆ, ಅದೇ ಕೋಣೆಯಲ್ಲಿ ನಿಂತು, ಪ್ಲೇಟನ್ನೂ ಕೈಯಲ್ಲಿ ಹಿಡಿದು ನಾನು ಹೇಳಿದ್ದೆ. "ಈಗ ಜನ ಕಡಿಮೆ ಆನಿ, ಮುಂದೆ ನೋಡುವ" ಎಂದಿದ್ದರು. ಆ "ಮುಂದೆ" ಎಂಬುದು ಬಂದಿದೆ, ಬೇರೊಬ್ಬಳ ಹೆಸರಿನಲ್ಲಿ.

ಹೊರಗೆ ಬಂದಾಗ ಹುಡುಗಿ ಕೇಳಿದಳು: "ಆಂಟಿ, ನಿಮಗೆ ಕೆಲಸ ಜಾಸ್ತಿ ಆಗುದಿಲ್ಲ ಅಲ್ವಾ?"

"ನನಗೆ ಕೆಲಸದ ಭಯ ಇಲ್ಲ" ಎಂದೆ.

ಜೂನ್ 12, ಗುರುವಾರ

ಇವತ್ತು ಅವಳು ನರ್ಸುಗಳಿಗೆ ಪಾಠ ಮಾಡಿದಳು. ತಪ್ಪು ಸಿಗುತ್ತದೆಯೇ ಎಂದು ನೋಡಲು ನಾನೂ ಹಿಂದಿನ ಬೆಂಚಿನಲ್ಲಿ ಕುಳಿತೆ.

ಇ.ಸಿ.ಜಿ. ಕಾಗದದ ಉದ್ದನೆಯ ಪಟ್ಟಿ ತಂದಿದ್ದಳು. ಇದು ರೋಗಾಣುವಿನ ಒಂದು ಜೀನಿನಿಂದ ಬಂದ ಸಂದೇಶ ಎಂದು ತಿಳಿಯಿರಿ ಎಂದಳು. ರೈಬೋಸೋಮ್ ಎಂಬ ಯಂತ್ರ ಇದನ್ನು ಓದುತ್ತಾ ಹೋಗಿ ಪ್ರೋಟೀನ್ ತಯಾರಿಸುತ್ತದೆ. ಎರಿತ್ರೋಮೈಸಿನ್ ಹೋಗಿ ಕುಳಿತುಕೊಳ್ಳುವುದು ಆ ಯಂತ್ರದೊಳಗೇ, ಅದರ ದಾರಿ ಕಟ್ಟಿಬಿಡುತ್ತದೆ. ಆದರೆ ಕೆಲವು ರೋಗಾಣುಗಳ ಬಳಿ ಒಂದು ಕಿಣ್ವದ ಜೀನ್ ಉಂಟು. ಆ ಕಿಣ್ವ ಯಂತ್ರದ ಮೇಲೆ ಚಿಕ್ಕ ಗುರುತೊಂದನ್ನು ಹಚ್ಚಿದರೆ ಸಾಕು, ಔಷಧಕ್ಕೆ ಅಲ್ಲಿ ಕೂರಲು ಜಾಗ ಸಿಗುವುದಿಲ್ಲ. ಎರಿತ್ರೋಮೈಸಿನ್ ಮಾತ್ರವಲ್ಲ, ಕ್ಲಿಂಡಾಮೈಸಿನ್‌ಗೂ ಸಿಗುವುದಿಲ್ಲ.

"ಹಾಗಾದರೆ ಆ ಕಿಣ್ವವನ್ನು ಯಾವಾಗಲೂ ಮಾಡಿಟ್ಟುಕೊಳ್ಳಬಹುದಲ್ಲ?" ಎಂದು ಒಬ್ಬಳು ಕೇಳಿದಳು.

"ಸುಮ್ಮನೆ ಮಾಡಿದರೆ ಅದಕ್ಕೇ ನಷ್ಟ. ಆದ್ದರಿಂದ ಹೀಗೆ ಇಡುತ್ತದೆ" ಎಂದು ಪಟ್ಟಿಯ ನಡುಭಾಗವನ್ನು ಮಡಚಿ, ತನ್ನ ತಲೆವಸ್ತ್ರದ ಪಿನ್ನು ತೆಗೆದು ಚುಚ್ಚಿದಳು. ಮಡಿಕೆಯೊಳಗಿನದನ್ನು ಯಂತ್ರ ಓದಲಾರದು. ಮಡಿಕೆಗೂ ಮೊದಲು ಪಟ್ಟಿಯಲ್ಲಿ ಒಂದು ಪುಟ್ಟ ಭಾಗ ಇದೆ. ಸ್ವಲ್ಪ ಎರಿತ್ರೋಮೈಸಿನ್ ಒಳಗೆ ಬಂದಾಗ ಯಂತ್ರ ಆ ಪುಟ್ಟ ಭಾಗವನ್ನು ಓದುತ್ತಲೇ ಸಿಕ್ಕಿಬೀಳುತ್ತದೆ. ಅದು ಅಲ್ಲಿ ನಿಂತ ಕಾರಣಕ್ಕೇ ಮುಂದಿನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಪಿನ್ನು ಎಳೆದಳು. ಪಟ್ಟಿ ಬಿಚ್ಚಿತು. ಕಿಣ್ವ ತಯಾರು.

ಕ್ಲಿಂಡಾಮೈಸಿನ್ ಒಂದೇ ಬಂದರೆ ಈ ಮಡಿಕೆ ಬಿಚ್ಚುವುದಿಲ್ಲವಂತೆ. ಆದ್ದರಿಂದ ಅದೊಂದನ್ನೇ ಪರೀಕ್ಷಿಸಿದರೆ ರೋಗಾಣು ಸಾಯುವಂತೆ ಕಾಣುತ್ತದೆ. ಡಾಕ್ಟರು ನಂಬಿ ಕೊಡುತ್ತಾರೆ. ರೋಗಿಯ ಮೈಯಲ್ಲಿರುವ ಕೋಟಿಗಟ್ಟಲೆ ರೋಗಾಣುಗಳಲ್ಲಿ ಮಡಿಕೆ ಕೆಟ್ಟು ಸದಾ ಬಿಚ್ಚಿಕೊಂಡೇ ಇರುವ ಕೆಲವು ಇದ್ದೇ ಇರುತ್ತವೆ. ಅವು ಉಳಿದು ಬೆಳೆಯುತ್ತವೆ. ಎರಡು ಡಿಸ್ಕ್ ಹತ್ತಿರ ಇಟ್ಟರೆ ಎರಿತ್ರೋಮೈಸಿನ್ ಹರಡಿದ ಕಡೆ ಮಡಿಕೆ ಬಿಚ್ಚಿ, ಇದು ಮೊದಲೇ ತಿಳಿಯುತ್ತದೆ. ಕ್ಲಿಂಡಾಮೈಸಿನ್ ಸುತ್ತ ರೋಗಾಣು ಸತ್ತ ದುಂಡು ವೃತ್ತವು ಎರಿತ್ರೋಮೈಸಿನ್ ಕಡೆಗೆ ಚಪ್ಪಟೆಯಾಗಿ ಇಂಗ್ಲಿಷಿನ 'ಡಿ' ಅಕ್ಷರವಾಗುತ್ತದೆ.

ನನಗೆ ತಪ್ಪು ಸಿಗಲಿಲ್ಲ. ಇಪ್ಪತ್ತೆರಡು ವರ್ಷ ಕೈಯಲ್ಲಿ ಮಾಡಿದ್ದು ಇವತ್ತು ಕಣ್ಣಿಗೆ ಕಂಡಿತು. ಅದಕ್ಕೇ ಮತ್ತಷ್ಟು ಸಿಟ್ಟು ಬಂತು. ಪಿನ್ನು ಚುಚ್ಚುವಾಗ ಬೆರಳಿಗೆ ತಾಗಲಿ ಎಂದುಕೊಂಡೆ. ಛೆ.

ಜೂನ್ 17, ಮಂಗಳವಾರ

ಅವಳಿಗೆ ರಜೆ, ಚಿಕ್ಕಮ್ಮನ ಮಗಳ ನಿಶ್ಚಿತಾರ್ಥ. ಲ್ಯಾಬ್ ಮೊದಲಿನ ಹಾಗೆ ನನ್ನದಾಗಿತ್ತು. ಫೋನ್ ಬಂದಾಗೆಲ್ಲ ನಾನೇ ಉತ್ತರ ಕೊಟ್ಟೆ. ಹನ್ನೊಂದು ಪ್ಲೇಟ್‌ಗಳನ್ನು ಒಬ್ಬಳೇ ಹಚ್ಚಿ ಡಿಸ್ಕ್ ಇಟ್ಟೆ. ಲೆಕ್ಕಾಚಾರ, ಅಳತೆ ಏನೂ ಇಲ್ಲದೆ ಹಳೆಯ ಅಭ್ಯಾಸದಲ್ಲಿ ಕೈ ತಾನಾಗಿ ಓಡುತ್ತಿತ್ತು. ಡಾ. ರೇಚಲ್ ಇಣುಕಿ, "ಒಬ್ಬರೇ ಆದಿರಿ, ಕಷ್ಟ ಆಯ್ತಾ ಆನಿ?" ಎಂದು ಕೇಳಿದರು.

"ಎಂತ ಕಷ್ಟ ಡಾಕ್ಟ್ರೇ" ಎಂದೆ. ಸಂಜೆ ಬಸ್ಸಿನಲ್ಲಿ ಸೀಟೂ ಸಿಕ್ಕಿತು.

ಜೂನ್ 18, ಬುಧವಾರ

ನಿನ್ನೆಯ ಪ್ಲೇಟ್‌ಗಳನ್ನು ಅವಳು ಓದಿ ರಿಪೋರ್ಟ್ ಕೊಟ್ಟಳು. ನಾನು ರಕ್ತದ ಸ್ಯಾಂಪಲ್ಲುಗಳ ಕಡೆ ಇದ್ದೆ. ನಿಶ್ಚಿತಾರ್ಥದ ಮನೆಯಿಂದ ತುಪ್ಪದ ಅನ್ನ, ಕೋಳಿ ತಂದಿದ್ದಳು. "ನಿಮಗೇ ಅಂತ ಬೇರೆ ಡಬ್ಬಿ ಆಂಟಿ" ಎಂದಳು. ಹೊಟ್ಟೆ ಸರಿ ಇಲ್ಲ ಎಂದು ಹೇಳಿ ಆಯಾಳಿಗೆ ಕೊಟ್ಟೆ.

ಜೂನ್ 20, ಶುಕ್ರವಾರ

ಸಿಕ್ಕಿತು.

ಓದಿ ಮುಗಿದ ಪ್ಲೇಟ್‌ಗಳನ್ನು ಎಸೆಯುವ ಮೊದಲು ಒಟ್ಟುಮಾಡುತ್ತಿದ್ದೆ. ಒಂದು ಪ್ಲೇಟಿನಲ್ಲಿ ಎರಿತ್ರೋಮೈಸಿನ್ ಡಿಸ್ಕ್ ಒಂದು ಅಂಚಿನಲ್ಲಿ, ಕ್ಲಿಂಡಾಮೈಸಿನ್ ಎದುರಿನ ಅಂಚಿನಲ್ಲಿ. ಅಷ್ಟು ದೂರ ಇಟ್ಟರೆ ಯಾವ ವೃತ್ತವೂ ಚಪ್ಪಟೆಯಾಗುವುದಿಲ್ಲ. ಪರೀಕ್ಷೆಯೇ ಅಲ್ಲ ಅದು. ತಳದ ನಂಬರನ್ನು ಕಂಪ್ಯೂಟರಿನಲ್ಲಿ ನೋಡಿದೆ. ವಾಸು ಕರ್ಕೇರ, ಐವತ್ತೆರಡು ವರ್ಷ, ಕಾಪು. ಬಲೆಯಿಂದ ಮೀನು ಬಿಡಿಸುವಾಗ ಬಲಗೈ ಬೆರಳಿಗೆ ಮುಳ್ಳು ಚುಚ್ಚಿ ಕೀವಾದದ್ದು. ಮೆಡಿಕಲ್ ಶಾಪಿನಿಂದ ಎರಿತ್ರೋಮೈಸಿನ್ ಜಾತಿಯದೇ ಆದ ಅಜಿತ್ರೋಮೈಸಿನ್ ತೆಗೆದುಕೊಂಡು ತಿಂದು, ಕಡಿಮೆಯಾಗದೆ ಬಂದವರು. ಪೆನಿಸಿಲಿನ್ ಆಗದ ಮೈ. ರಿಪೋರ್ಟ್: ಕ್ಲಿಂಡಾಮೈಸಿನ್‌ಗೆ ಸಾಯುತ್ತದೆ. ಕೆಳಗೆ ಮುನೀರಾಳ ಸಹಿ. ನಿನ್ನೆ ಆ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದಾರೆ.

ದೊಡ್ಡ ಪಾಠ ಮಾಡಿದವಳು! ಇ.ಸಿ.ಜಿ. ಪಟ್ಟಿ, ಪಿನ್ನು! ಮಾಡಬೇಕಾದ ಕಡೆ ಇಷ್ಟೂ ಗೊತ್ತಿಲ್ಲ.

ತೆಗೆದಿಟ್ಟಿದ್ದ ಅದೇ ರೋಗಾಣುವನ್ನು ಹೊಸ ಪ್ಲೇಟಿಗೆ ಹಚ್ಚಿದೆ. ಸ್ಕೇಲ್ ಹಿಡಿದು ಎರಡು ಡಿಸ್ಕ್‌ಗಳ ನಡುವೆ ಇಪ್ಪತ್ತು ಮಿಲಿಮೀಟರ್ ಬಿಟ್ಟೆ. ತಳಕ್ಕೆ ಇವತ್ತಿನ ತಾರೀಕು ಬರೆದು ಇನ್‌ಕ್ಯುಬೇಟರಿನಲ್ಲಿ ಹಿಂದಕ್ಕೆ ಇಟ್ಟೆ. ಇಡೀ ದಾರಿ ಏನೋ ಒಂದು ಹಗುರ. ಕಾರ್ಕಳದಲ್ಲಿ ಇಳಿದು ಗಂಡ ಅಲೆಕ್ಸ್‌ಗೆ ಇಷ್ಟ ಎಂದು ಬಿಸಿ ಬನ್ಸ್ ತಂದೆ.

ಜೂನ್ 21, ಶನಿವಾರ

'ಡಿ.' ರೂಲು ಹಿಡಿದು ಗೆರೆ ಎಳೆದಷ್ಟು ನೇರ.

ಪ್ಲೇಟನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇನೆ. ಬುಧವಾರ ಎಲ್ಲ ವಿಭಾಗಗಳ ಮೀಟಿಂಗ್ ಉಂಟು. ಸರ್ಜನ್ನರೂ ಬರುತ್ತಾರೆ. ಅಲ್ಲೇ ಮೇಜಿನ ಮೇಲೆ ಇಡುತ್ತೇನೆ.

ಜೂನ್ 22, ಭಾನುವಾರ

ಚರ್ಚಿನ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಬುಧವಾರ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಮನೆಗೆ ಬಂದು ಅಲೆಕ್ಸ್‌ಗೆ ಹೇಳಿದೆ. ಅವರು ರಿಪೇರಿಗೆ ಬಂದ ಯಾರದೋ ಫ್ರಿಜ್ಜಿನ ಹಿಂಭಾಗ ಬಿಚ್ಚುತ್ತಿದ್ದರು. ಎಲ್ಲ ಕೇಳಿದ ಮೇಲೆ ಒಂದೇ ಪ್ರಶ್ನೆ: "ಆ ಮನುಷ್ಯ ಈಗಲೂ ಅದೇ ಮಾತ್ರೆ ತಿನ್ನುತ್ತಿದ್ದಾನಾ?"

"ಅಷ್ಟರಲ್ಲಿ ಏನೂ ಆಗುವುದಿಲ್ಲ. ಎಷ್ಟೋ ಜನರಿಗೆ ಹಾಗೆಯೇ ಗುಣವಾಗುತ್ತದೆ" ಎಂದೆ. ಅದು ಸುಳ್ಳಲ್ಲ.

ಅವರು ಸ್ಕ್ರೂ ತಿರುಗಿಸುತ್ತಲೇ ಇದ್ದರು.

ಜೂನ್ 23, ಸೋಮವಾರ

ಇನ್ನು ಎರಡೇ ದಿನ.

ಜೂನ್ 24, ಮಂಗಳವಾರ

ಹತ್ತೂವರೆಗೆ ತುರ್ತು ವಿಭಾಗದಿಂದ ಫೋನ್. ಮುನೀರಾ ಎತ್ತಿದಳು. ವಾಸು ಕರ್ಕೇರ ವಾಪಸ್ ಬಂದಿದ್ದಾರೆ, ಕೈ ಮೊಣಕೈವರೆಗೆ ಊದಿದೆ, ನೂರಮೂರು ಜ್ವರ, ನಿಮ್ಮ ರಿಪೋರ್ಟ್ ಸರಿ ಉಂಟಾ ಎಂದು ಕೇಳಿದರಂತೆ. ಅವಳು ಕಂಪ್ಯೂಟರ್ ನೋಡಿ "ಸರಿ ಇತ್ತು ಡಾಕ್ಟ್ರೇ" ಎನ್ನುತ್ತಿದ್ದಳು.

ನಾನು ಫ್ರಿಜ್ ತೆರೆದೆ. ಪ್ಲೇಟನ್ನು ಅವಳ ಮುಂದೆ ಇಟ್ಟೆ. ಮೀಟಿಂಗ್ ಇಲ್ಲ, ಸರ್ಜನ್ ಇಲ್ಲ, ನಾವಿಬ್ಬರೇ.

ಅವಳ ಮುಖದ ಬಣ್ಣ ಹೋಯಿತು. ಫೋನ್ ಇನ್ನೂ ಕಿವಿಯಲ್ಲೇ ಇತ್ತು. "ಡಾಕ್ಟ್ರೇ, ಕ್ಲಿಂಡಾಮೈಸಿನ್ ಈಗಲೇ ನಿಲ್ಲಿಸಿ. ಅದು ಕೆಲಸ ಮಾಡುದಿಲ್ಲ. ತಪ್ಪು ನಮ್ಮದು" ಎಂದಳು. ಬೇರೆ ಯಾವ ಔಷಧಗಳಿಗೆ ಸಾಯುತ್ತದೆ ಎಂದು ಒಂದೊಂದಾಗಿ ಓದಿ ಹೇಳಿದಳು.

ಫೋನ್ ಇಟ್ಟು ಅವಳು ಕೆಲಸದ ಹಾಳೆಗಳ ಫೈಲ್ ತೆಗೆದಳು. ಪ್ಲೇಟ್ ಹಚ್ಚಿದವರು, ಓದಿದವರು, ಇಬ್ಬರ ಸಹಿಯೂ ಅದರಲ್ಲಿ ಇರುತ್ತದೆ. ನಾನು ಅವಳ ಹೆಗಲ ಮೇಲಿಂದ ನೋಡಿದೆ. ತಾರೀಕು ಹದಿನೇಳು. ಹಚ್ಚಿದವರ ಜಾಗದಲ್ಲಿ ನನ್ನ ಸಹಿ.

ಹನ್ನೊಂದು ಪ್ಲೇಟ್‌ಗಳು. ಕೈ ತಾನಾಗಿ ಓಡಿದ ದಿನ.

"ನಾನೇ ಹಚ್ಚಿದ್ದು" ಎಂದೆನೋ ಇಲ್ಲವೋ ನೆನಪಿಲ್ಲ. ಅವಳು ಹೇಳಿದ್ದು ನೆನಪಿದೆ: "ಓದಿದವಳು ನಾನಲ್ವಾ ಆಂಟಿ. ಡಿಸ್ಕ್ ಅಷ್ಟು ದೂರ ಇದ್ದದ್ದು ನನಗೆ ಕಾಣಬೇಕಿತ್ತು. ನೀವು ಹಚ್ಚಿದ್ದು ಅಂತ ನಾನು ಅಳತೆಯೇ ನೋಡಲಿಲ್ಲ."

ಹೊಸ ಸ್ಯಾಂಪಲ್ ತರಲು ನಾನೇ ಹೋದೆ. ತೋರುಬೆರಳು ಕಪ್ಪಾಗಿತ್ತು. ವಾಸು ನನ್ನ ಕೊರಳ ಶಿಲುಬೆ ನೋಡಿ, "ಮಾತ್ರೆ ಒಂದೂ ತಪ್ಪಿಸಲಿಲ್ಲ ಬಾಯಮ್ಮ. ಗಂಟೆ ನೋಡಿ ನೋಡಿ ತಿಂದಿದ್ದೇನೆ" ಎಂದರು. ತಪ್ಪು ಅವರದೇ ಎಂದು ನಾನು ಬೈಯುತ್ತೇನೆ ಎಂದುಕೊಂಡಿದ್ದರು.

ಜೂನ್ 25, ಬುಧವಾರ

ಬೆರಳು ತೆಗೆದರು. ಬಲಗೈಯದು.

ಮೀಟಿಂಗಿನಲ್ಲಿ ಮುನೀರಾ ಎದ್ದು ನಿಂತು ತಪ್ಪು ತನ್ನದೆಂದಳು. ನಾನು ಎದ್ದೆ. ಪ್ಲೇಟ್ ಹಚ್ಚಿದ್ದು ನಾನು, ದೂರ ಇಟ್ಟದ್ದು ನಾನು ಎಂದೆ.

ಡಾ. ರೇಚಲ್ ಎಲ್ಲರಿಗೂ ಹೇಳಿದರು: "ತಪ್ಪು ಇಬ್ಬರದು. ಆದರೆ ಅನುಮಾನ ಬಂದು ಮತ್ತೆ ಪರೀಕ್ಷೆ ಮಾಡಿ ಹಿಡಿದದ್ದು ಆನಿ. ಒಪ್ಪಿಕೊಂಡದ್ದೂ ಅವರೇ. ಇಪ್ಪತ್ತೆರಡು ವರ್ಷದ ಅನುಭವ ಅಂದರೆ ಇದು."

ಸರ್ಜನ್ನರು ನನ್ನತ್ತ ನೋಡಿ ತಲೆಯಾಡಿಸಿದರು. ಎಷ್ಟು ವರ್ಷದಿಂದ ಕಾದಿದ್ದ ಮಾತು! ಆ 'ಡಿ' ಪ್ಲೇಟ್ ಯಾವ ದಿನದ್ದೆಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.



ಜೂನ್ 26, ಗುರುವಾರ

ಊಟದ ಹೊತ್ತಿನಲ್ಲಿ ಇಬ್ಬರೇ ಇದ್ದೆವು.

"ಮುನೀರಾ, ಆ ಪ್ಲೇಟಿನ ತಳ ನೋಡಿದೆಯಾ?"

"ನೋಡಿದೆ ಆಂಟಿ. ತಾರೀಕು ಇಪ್ಪತ್ತು ಅಂತ ಬರೆದಿತ್ತು."

"ಮತ್ತೆ ಎಂತಕ್ಕೆ ಹೇಳಲಿಲ್ಲ?"

ಅವಳು ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ ಕುಳಿತಳು. "ನಾನು ಹೇಳಿದರೆ ದೂರು ಆಗ್ತದೆ. ನೀವು ಹೇಳಬೇಕು." ಡಬ್ಬಿ ಬದಿಗಿಟ್ಟು, "ನನಗೆ ಸಿಟ್ಟು ಇಲ್ಲ ಅಂತ ತಿಳಿಯಬೇಡಿ. ನಿನ್ನೆ ರಾತ್ರಿಯೆಲ್ಲ ಅತ್ತಿದ್ದೇನೆ. ವಾಸು ಅವರ ಮಗಳು ನನ್ನ ಜೊತೆ ಶಾಲೆಗೆ ಬರುತ್ತಿದ್ದವಳು" ಎಂದಳು.

ಅವಳು ಎದ್ದು ಕೈ ತೊಳೆಯಲು ಹೋದಳು. ರಾತ್ರಿಯೆಲ್ಲ ಅತ್ತವಳು ಬೆಳಿಗ್ಗೆ ಬಂದು ಒಂದೂ ತಪ್ಪದೆ ಎಲ್ಲ ಪ್ಲೇಟ್ ಓದಿದ್ದಾಳೆ. ಹಾಳೆ ನೋಡಿದೆ.

ಜೂನ್ 27, ಶುಕ್ರವಾರ

ಡಾ. ರೇಚಲ್‌ಗೆ ಹೇಳಿದೆ. ಕಳೆದ ಶುಕ್ರವಾರ ಕಂಡದ್ದು, ಶನಿವಾರ ಖಚಿತವಾದದ್ದು, ಮಂಗಳವಾರದವರೆಗೆ ಫ್ರಿಜ್ಜಿನಲ್ಲಿ ಇಟ್ಟದ್ದು, ಬುಧವಾರಕ್ಕೆ ಏನೆಂದುಕೊಂಡಿದ್ದೆ ಎಂಬುದು ಕೂಡ. ಅವರು ಬೈದಿದ್ದರೆ ಸುಲಭವಾಗುತ್ತಿತ್ತು. ಕನ್ನಡಕ ತೆಗೆದು ಒರೆಸಿದರು.

"ಶನಿವಾರವೇ ಹೇಳಿದ್ದರೆ ಬೆರಳು ಉಳಿಯುತ್ತಿತ್ತಾ ಡಾಕ್ಟ್ರೇ?"

"ಹೇಳಲಿಕ್ಕೆ ಬರುದಿಲ್ಲ. ಉಳಿಯಲೂಬಹುದಿತ್ತು."

ಲಿಖಿತ ವಿವರಣೆ ಕೊಡಬೇಕು. ಇನ್ನು ಮುಂದೆ ಪ್ಲೇಟ್ ಹಚ್ಚುವಂತಿಲ್ಲ, ಓದುವಂತಿಲ್ಲ. ಕೆಳಗಿನ ಕೌಂಟರಿನಲ್ಲಿ ಸ್ಯಾಂಪಲ್ ತೆಗೆಯುವ ಕೆಲಸ. ಎಷ್ಟು ದಿನ ಎಂದು ಅವರು ಹೇಳಲಿಲ್ಲ. ಲ್ಯಾಬಿನ ಬೀಗದ ಕೈ ಮುನೀರಾಳಿಗೆ ಕೊಟ್ಟೆ. ಯಾವ ಔಷಧದ ಡಿಸ್ಕ್‌ಗಳು ಮುಗಿಯುತ್ತಾ ಬಂದಿವೆ, ಇನ್‌ಕ್ಯುಬೇಟರಿನ ಬಾಗಿಲನ್ನು ಹೇಗೆ ಒತ್ತಿ ಹಾಕಬೇಕು, ಎಲ್ಲ ಹೇಳಿದೆ. ಅವಳು ಬರೆದುಕೊಂಡಳು.

ಜುಲೈ 8, ಮಂಗಳವಾರ

ವಾಸು ಗಾಯದ ಪರೀಕ್ಷೆಗೆ ಕೌಂಟರಿಗೆ ಬಂದರು. ಎಡಗೈಯಲ್ಲಿ ಬಾಳೆಎಲೆಯ ಪೊಟ್ಟಣ. "ರೋಗ ಹಿಡಿದು ಹೇಳಿದವರು ನೀವಂತೆ ಬಾಯಮ್ಮ. ವಾರ್ಡಿನಲ್ಲಿ ಹೇಳಿದರು. ಸ್ವಲ್ಪ ಮೀನು, ತಾಜಾ ಉಂಟು."

ತೆಗೆದುಕೊಂಡು ಸುಮ್ಮನಿರಬಹುದಿತ್ತು. ಅವರ ಹಿಂದೆ ಯಾರೂ ಇರಲಿಲ್ಲ.

ಹೇಳಿದೆ. ಮೊದಲ ತಪ್ಪು ನನ್ನದು, ಅದು ಗೊತ್ತಾದ ಮೇಲೂ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ ಎಂದೆ.

ಅವರು ನನ್ನನ್ನೇ ನೋಡಿದರು. "ಎಂತಕ್ಕೆ?"

"ಲ್ಯಾಬಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಅವಳ ಮೇಲೆ ಹೊಟ್ಟೆಕಿಚ್ಚು."

ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಕೌಂಟರಿನ ಈಚೆ ಕುಳಿತು, ಬೆರಳಿಲ್ಲದ ಒಬ್ಬ ಮನುಷ್ಯನ ಎದುರು.

"ಅಷ್ಟೆಯಾ?" ಎಂದರು ವಾಸು. ಬೈಗುಳ ಅಲ್ಲ. ನಿಜವಾಗಿ ಕೇಳಿದರು. ಇನ್ನೂ ದೊಡ್ಡ ಕಾರಣ ಇರಬಹುದು ಎಂದು ಕಾದರು.

ಸ್ಯಾಂಪಲ್ ಕೊಡದೆ ಎದ್ದು ಹೋದರು. ಪೊಟ್ಟಣವನ್ನೂ ತೆಗೆದುಕೊಂಡು ಹೋದರು.

ಜುಲೈ 15, ಮಂಗಳವಾರ

ವಾಸು ಮತ್ತೆ ಬಂದರು, ಮಗಳ ಜೊತೆ. ನನ್ನನ್ನು ನೋಡಿ, "ನೀವು ಬೇಡ. ಬೇರೆ ಯಾರನ್ನಾದರೂ ಕರೆಯಿರಿ" ಎಂದರು. ಜೋರಾಗಿಯೇ ಹೇಳಿದರು, ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಮೇಲೆ ಫೋನ್ ಮಾಡಿ, "ಮುನೀರಾ ಇದ್ದಾರಾ?" ಎಂದು ಕೇಳಿದೆ.

ಅವಳು ಬಂದಳು. ನಾನು ಟ್ರೇ ಹಿಡಿದು ನಿಂತೆ, ಲೇಬಲ್ ಬರೆದೆ. ಹಳೆಯ ಬ್ಯಾಂಡೇಜು ಗಾಯಕ್ಕೆ ಅಂಟಿಕೊಂಡಿತ್ತು. ಅವಳು ಸಲೈನ್ ಹನಿಸಿ, ಅವರ ಮೊಮ್ಮಗುವಿನ ಹೆಸರು ಕೇಳುತ್ತಾ ಕೇಳುತ್ತಾ ಬಿಡಿಸಿದಳು. ಕಣ್ಣು ಮುಚ್ಚಿಕೊಂಡಿದ್ದ ವಾಸು, "ಆಯ್ತಾ?" ಎಂದು ಕಣ್ಣು ತೆರೆದರು. ಆಗಿತ್ತು. ಅವರಿಗೆ ತಿಳಿದೇ ಇರಲಿಲ್ಲ. ಅವಳ ಕೈ ನನ್ನ ಕೈಗಿಂತ ಹಗುರ.

ಸಂಜೆ ಮಳೆ ಜೋರಿತ್ತು. ಪರ್ಕಳದ ಏರಿನಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ವಾಸು ಅವರ ಗಾಯದಲ್ಲಿ ಈಗ ಯಾವ ರೋಗಾಣುವೂ ಬೆಳೆಯದಿರಲಿ.